ಫೋನಿನಲ್ಲಿ ಯಾರೂ ಸಾಯುವುದಿಲ್ಲ

ನಮ್ಮ ಕಡೆ ಫೋನಿನಲ್ಲಿ ಯಾರೂ ಸಾಯುವುದಿಲ್ಲ. ಹುಷಾರಿಲ್ಲದೆ ಇರುತ್ತಾರೆ, ಸ್ವಲ್ಪ ಜಾಸ್ತಿಯಾಗಿರುತ್ತದೆ, ಸೀರಿಯಸ್ ಇರುತ್ತಾರೆ, ಹೆಚ್ಚೆಂದರೆ ‘ಒಂದ್ಸಲ ಬಂದು ಮುಖ ನೋಡ್ಕೊಂಡು ಹೋಗ್ರಿ’ ಎನ್ನುವಲ್ಲಿಗೆ ಬಂದಿರುತ್ತಾರೆ. ಸಾಯುವುದೇನಿದ್ದರೂ ನಾವು ಬಸ್ಸಿಳಿದು ಓಣಿಯ ತಿರುವಿಗೆ ಬಂದು, ಮನೆ ಮುಂದೆ ಶಾಮಿಯಾನ ಹಾಕಿರುವುದನ್ನು ಕಂಡ ಮೇಲೆ. ಹೇಳುವವರಿಗೂ ಗೊತ್ತಿರುತ್ತದೆ, ಕೇಳುವವರಿಗೂ ಗೊತ್ತಿರುತ್ತದೆ. ದಾರಿಯಲ್ಲಿ ಎದೆ ಒಡೆದುಕೊಳ್ಳಬಾರದು, ಬಸ್ಸಿನಲ್ಲಿ ಬಿದ್ದುಗಿದ್ದು ಇನ್ನೊಂದು ಆಗಬಾರದು ಎಂದು ಮಾಡಿಕೊಂಡ ಏರ್ಪಾಡು ಇದು. ಯಾರು ಮಾಡಿದರೋ, ಫೋನು ಬರುವ ಮೊದಲೂ ಹೀಗೇ ಇತ್ತಂತೆ. ಆಗ ಆಳು ಬಂದು ಹೇಳುತ್ತಿದ್ದ, ಅವನೂ ಇಷ್ಟೇ ಹೇಳುತ್ತಿದ್ದ.

ಅಪ್ಪ ಹೋದಾಗ ನನಗೂ ಹೀಗೇ ತಿಳಿಸಿದರು. ನಾನು ನ್ಯಾಮತಿಯ ಕಾಲೇಜಿನಲ್ಲಿದ್ದೆ. ನಮ್ಮನೆಯವರು ಚನ್ನಗಿರಿಯಿಂದ ಫೋನು ಮಾಡಿ, ‘ಮಾವಾರಿಗೆ ಯಾಕೋ ಉಸಿರಾಡಾಕೆ ತ್ರಾಸಾಗೈತೆ, ರಜ ಹಾಕಿ ಬಂದುಬಿಡು’ ಎಂದರು. ಯಾವ ಆಸ್ಪತ್ರೆಗೆ ಸೇರಿಸಿದ್ದೀರಿ ಎಂದು ನಾನು ಕೇಳಲಿಲ್ಲ. ಕೇಳಿದರೆ ಪಾಪ ಅವರು ನಿಂತ ಕಾಲಲ್ಲಿ ಒಂದು ಆಸ್ಪತ್ರೆಯನ್ನು ಹುಟ್ಟಿಸಬೇಕಾಗಿತ್ತು. ಬಸ್ಸಿನಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಗುಡಿಯಲ್ಲಿ ಹರಕೆ ತೀರಿಸಿ ಬರುತ್ತಿದ್ದ ಹೆಂಗಸರು ತುಂಬಿದ್ದರು. ಪಕ್ಕದಲ್ಲಿದ್ದಾಕೆ ನನಗೆ ಪ್ರಸಾದ ಕೊಟ್ಟು, ‘ಎಲ್ಲಿಗವ್ವ’ ಎಂದಳು. ಅಪ್ಪಗೆ ಹುಷಾರಿಲ್ಲ, ನೋಡಾಕೆ ಹೊಂಟೀನಿ ಎಂದೆ. ‘ಸೇವಾಲಾಲ್ ಮಹಾರಾಜ್ ವಾಸಿ ಮಾಡ್ತಾನೆ ಬಿಡು’ ಎಂದಳು. ಹೊನ್ನಾಳಿಯಲ್ಲಿ ಬಸ್ಸು ಬದಲಿಸುವವರೆಗೂ ನಾವಿಬ್ಬರೂ ಅಪ್ಪನನ್ನು ವಾಸಿ ಮಾಡುತ್ತಲೇ ಇದ್ದೆವು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕೈ ಮರಗಟ್ಟಿದಾಗ ಚಿವುಟಿದರೆ ಹೇಗೋ ಹಾಗೆ.

ನಾನು ಕಲಿಸುವುದು ತರ್ಕಶಾಸ್ತ್ರ. ಕೆಲಸಕ್ಕೆ ಸೇರಿದ್ದು ಜಗಳೂರಿನಲ್ಲಿ, ಆಮೇಲೆ ಹೊನ್ನಾಳಿ, ಈಗ ನ್ಯಾಮತಿ. ಹೋದಲ್ಲೆಲ್ಲ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ‘ಮೇಡಂ ಜೊತೆ ವಾದಕ್ಕೆ ಇಳೀಬ್ಯಾಡ್ರಪ್ಪ, ಅವರ ಕಸುಬೇ ಅದು’ ಎಂದು ನಗುತ್ತಾರೆ. ಮನೆಯಲ್ಲಿ ನಾನು ಗೆದ್ದ ಒಂದು ವಾದವೂ ನೆನಪಿಲ್ಲ. ಮೊದಲ ಪಾಠದಲ್ಲಿ ಬೋರ್ಡಿನ ಮೇಲೆ ‘ಹೊರಗೆ ಬಿಸಿಲಿದೆ’ ಎಂದು ಬರೆಯುತ್ತೇನೆ. ಹೊರಗೆ ಬಿಸಿಲಿದ್ದರೆ ಈ ಮಾತು ನಿಜ, ಇಲ್ಲದಿದ್ದರೆ ಸುಳ್ಳು. ಮಾತನ್ನು ಒಂದು ಕಡೆ ಇಡಿ, ಲೋಕವನ್ನು ಒಂದು ಕಡೆ ಇಡಿ, ಹೊಂದುತ್ತದೋ ಇಲ್ಲವೋ ನೋಡಿ, ಅಷ್ಟೇ. ‘ಬಾ’, ‘ಹೋಗಬೇಡ’, ‘ಯಾಕೆ’, ‘ಅಯ್ಯೋ’ ಇಂಥವು ನಿಜವೂ ಅಲ್ಲ, ಸುಳ್ಳೂ ಅಲ್ಲ. ಕರೆಯುವುದು, ಕೇಳುವುದು, ಅಳುವುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಅವನ್ನು ಬದಿಗಿಡಿ ಎನ್ನುತ್ತೇನೆ. ಮಕ್ಕಳು ಖುಷಿಯಿಂದ ಬದಿಗಿಡುತ್ತಾರೆ, ಓದುವುದು ಅಷ್ಟು ಕಡಿಮೆಯಾಯಿತಲ್ಲ ಎಂದು.

ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮೇಡಂ, ನಾವು ಹೇಳಿದ್ದನ್ನ ಯಾರೂ ನಂಬದಿದ್ರೂ ಅದು ನಿಜಾನೇನಾ?’ ಎಂದು ಕೇಳಿದಳು. ಹೌದಮ್ಮ, ನಂಬೋದು ಬಿಡೋದು ಅವರವರ ಪಾಡು, ನಿಜಕ್ಕೆ ಅದರಿಂದ ಏನೂ ಆಗಲ್ಲ ಎಂದೆ. ಅವಳು ಕೂತಳು. ಪಾಠ ಮುಂದುವರಿಯಿತು.

ಹೋದ ವರ್ಷ ಅವ್ವ ಮಲಗಿದಳು. ಅಪ್ಪ ಹೋದ ಮೇಲೆ ಅವಳು ನಮ್ಮ ಜೊತೆಯಲ್ಲೇ ಇದ್ದಳು, ಚನ್ನಗಿರಿಯಲ್ಲಿ. ನಮ್ಮನೆಯವರ ಅಡಿಕೆ ಮಂಡಿ ಇರುವುದು ಓಣಿಯಾಚೆಗೆ. ಮಂಡಿಯ ಆಳುಗಳಿಗೆಲ್ಲ ಮಧ್ಯಾಹ್ನ ಮಜ್ಜಿಗೆ ಕಳಿಸುವುದು, ತೂಕಕ್ಕೆ ಬಂದ ರೈತರ ಕ್ಷೇಮ ಕೇಳುವುದು ಅವಳ ಕೆಲಸವಾಗಿತ್ತು. ಮೊದಲು ಕಾಲು ಊದಿಕೊಂಡವು, ಆಮೇಲೆ ಹೃದಯ ಎಂದರು, ಕಿಡ್ನಿಯೂ ಎಂದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು, ‘ಮನೆಗೆ ಕರ್ಕೊಂಡು ಹೋಗ್ರಿ, ಏನು ತಿನ್ನಬೇಕು ಅಂತಾರೋ ಕೊಡ್ರಿ’ ಎಂದರು. ಡಾಕ್ಟರೂ ನಮ್ಮ ಕಡೆಯವರೇ ಇರಬೇಕು.

ಮನೆಗೆ ಬಂದ ಮೇಲೆ ಅವ್ವನ ದನಿ ಇಳಿಯುತ್ತ ಇಳಿಯುತ್ತ ಬರೀ ಉಸಿರಾಯಿತು. ಬಾಯಿಯ ಹತ್ತಿರ ಕಿವಿ ಇಟ್ಟರೆ ಮಾತ್ರ ತಿಳಿಯುತ್ತಿತ್ತು. ಆದರೆ ಬುದ್ಧಿ ಸ್ಪಷ್ಟವಾಗಿತ್ತು, ಕಿವಿ ಚುರುಕಾಗಿತ್ತು. ಒಂದು ಬೆಳಿಗ್ಗೆ ಮುಖ ಒರೆಸಿ, ದಿನದಂತೆ ವಿಭೂತಿ ಹಚ್ಚಿ, ಎರಡು ಚಮಚ ಗಂಜಿ ಕುಡಿಸಿದೆ. ಕೈಯಾಡಿಸಿ ನನ್ನನ್ನು ಹತ್ತಿರ ಕರೆದಳು. ‘ಅಕ್ಕನ್ನ ಕರೆಸು. ಇವತ್ತೇ. ಒಂದು ಮಾತು ಕೇಳಾದೈತೆ.’

ಯಾವ ಮಾತು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಅಕ್ಕ ಎಂದರೆ ಅವ್ವನ ಅಕ್ಕ, ಜಗಳೂರಿಗೆ ಕೊಟ್ಟಿದ್ದ ನನ್ನ ದೊಡ್ಡವ್ವ. ಅವರ ತವರು ಹೊನ್ನಾಳಿ. ನನಗಿಂತ ಮೊದಲು ಅವ್ವನಿಗೆ ಒಂದು ಹೆಣ್ಣು ಮಗುವಿತ್ತು, ನಾಲ್ಕು ವರ್ಷದ್ದು. ನಾನು ಹುಟ್ಟುವ ಹೊತ್ತಿಗೆ ಅವ್ವ ಬಾಣಂತನಕ್ಕೆ ಹೊನ್ನಾಳಿಗೆ ಹೋದಳು. ಮಗು ತುಂಟಿ, ಬಾಣಂತಿಯ ಕೋಣೆಗೆ ನುಗ್ಗುತ್ತದೆ, ಹಸುಗೂಸಿನ ಮೇಲೆ ಬೀಳುತ್ತದೆ ಎಂದು ದೊಡ್ಡವ್ವ ಅದನ್ನು ಜಗಳೂರಿಗೆ ಕರೆದುಕೊಂಡು ಹೋಗಿ ಇಟ್ಟುಕೊಂಡಳು. ಎಲ್ಲರ ಮನೆಯಲ್ಲೂ ಹೀಗೆ ಮಾಡುತ್ತಿದ್ದರು, ಅದರಲ್ಲಿ ವಿಶೇಷವೇನಿಲ್ಲ. ನಾನು ಹುಟ್ಟಿ ವಾರವಾಗಿತ್ತೋ ಏನೋ, ಅಲ್ಲಿ ಮಗುವಿಗೆ ಜ್ವರ ಬಂತು. ಜ್ವರ ಮಿದುಳಿಗೆ ಏರಿತು ಎನ್ನುತ್ತಾರೆ. ದೊಡ್ಡಪ್ಪ ಗಾಡಿ ತರಲು ಹೋಗಿದ್ದರು, ಅವರ ಮಗ ಶಾಲೆಗೆ ಹೋಗಿದ್ದ. ಮನೆಯಲ್ಲಿ ದೊಡ್ಡವ್ವ ಒಬ್ಬಳೇ ಇದ್ದಳು. ಗಾಡಿ ಬರುವಷ್ಟರಲ್ಲಿ ಮಗು ಹೋಗಿತ್ತು.

ಬಾಣಂತಿಗೆ ಇಂಥದ್ದನ್ನು ಹೇಳಬಾರದು. ಎದೆಹಾಲು ಬತ್ತುತ್ತದೆ, ಸನ್ನಿ ಹಿಡಿಯುತ್ತದೆ ಎಂದು ಭಯ. ಹಾಗಾಗಿ ಹೇಳಲಿಲ್ಲ. ಅವ್ವ ಕೇಳಿದಾಗಲೆಲ್ಲ ‘ಆಡ್ಕೊಂಡೈತೆ, ಉಂಡ್ಕೊಂಡೈತೆ’ ಎಂದರು. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಬಂದ ಹೆಂಗಸರಿಗೆಲ್ಲ ವಿಷಯ ಗೊತ್ತಿತ್ತು. ಅವ್ವನಿಗೊಬ್ಬಳಿಗೆ ಗೊತ್ತಿರಲಿಲ್ಲ. ಜೋಗುಳ ಹಾಡಿ ಸಕ್ಕರೆ ಹಂಚಿದರಂತೆ. ಆಮೇಲೆ ಅವ್ವ ಮಗುವನ್ನು ಕರೆಸಿ ಎಂದು ಹಟಕ್ಕೆ ಬಿದ್ದಾಗ ಅಜ್ಜಿ ಬಾಯಿ ಬಿಟ್ಟಳು. ಇದೆಲ್ಲ ನನಗೆ ತಿಳಿದದ್ದು ಚೂರುಚೂರಾಗಿ, ಬೇರೆ ಬೇರೆ ಬಾಯಿಂದ. ನಮ್ಮ ಮನೆಯಲ್ಲಿ ಆ ಮಗುವಿನ ಹೆಸರನ್ನು ಯಾರೂ ಎತ್ತುವುದಿಲ್ಲ, ಹಾಗಾಗಿ ನಾನೂ ಇಲ್ಲಿ ಎತ್ತುವುದಿಲ್ಲ.

ಅವ್ವ ಅಕ್ಕನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಮದುವೆಮನೆಯಾದರೂ ಸರಿ, ತಿಥಿಮನೆಯಾದರೂ ಸರಿ, ಒಂದು ಮೂಲೆಗೆ ಕರೆದು, ಕೊನೆಗೆ ಮಗು ಹೆಂಗಿತ್ತು ಎನ್ನುತ್ತಿದ್ದಳು. ದೊಡ್ಡವ್ವ ಪ್ರತಿಸಲವೂ, ‘ನಿದ್ದೆ ಮಾಡ್ತಿತ್ತು ಕಣೇ. ನಿದ್ದೇಲೇ ಹೋತು. ಅಳಲಿಲ್ಲ, ಕರೀಲಿಲ್ಲ, ಏನೂ ಇಲ್ಲ’ ಎನ್ನುತ್ತಿದ್ದಳು. ಅವ್ವ ತಲೆಯಾಡಿಸಿ ಬರುತ್ತಿದ್ದಳು. ನಾನು ಕಾಲೇಜು ಓದುತ್ತಿದ್ದಾಗ ಒಮ್ಮೆ, ದೊಡ್ಡವ್ವ ಹೇಳಿದ ಮೇಲೆ ನಂಬಬಾರದೇನವ್ವ ಎಂದು ಗದರಿದ್ದೆ. ಅವ್ವ ಹೇಳಿದ ಮಾತು ಯಾವ ಪಠ್ಯದಲ್ಲೂ ನನಗೆ ಸಿಕ್ಕಿಲ್ಲ. ‘ಅಕ್ಕ ಪ್ರತಿಸಲ ಅದೇ ಮಾತನ್ನ ಅದೇ ಥರ ಹೇಳ್ತಾಳೆ. ಕಂಡಿದ್ದನ್ನ ಹೇಳೋರು ಹಂಗೆ ಹೇಳಲ್ಲ. ಒಂದ್ಸಲ ಕೌದಿ ಅಂತಾರೆ, ಒಂದ್ಸಲ ಚಾಪೆ ಅಂತಾರೆ, ಒಂದ್ಸಲ ಕಿಟಕಿ ತೆಗ್ದಿತ್ತು ಅಂತಾರೆ. ಇವಳ ಮಾತಾಗೆ ಕೌದಿನೂ ಇಲ್ಲ, ಕಿಟಕಿನೂ ಇಲ್ಲ.’

ಜಗಳೂರಿನಲ್ಲಿ ಕೆಲಸಕ್ಕಿದ್ದಾಗ ನಾನು ದೊಡ್ಡವ್ವನ ಮನೆಯಲ್ಲೇ ಇದ್ದೆ. ನನಗೆ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಡುತ್ತಿದ್ದಳು. ಒಂದು ದಿನವೂ ಆ ಮಗುವಿನ ಸುದ್ದಿ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎಂದಲ್ಲ. ನಾನು ಹುಟ್ಟದೆ ಇದ್ದಿದ್ದರೆ ಅದು ಅಲ್ಲಿಗೆ ಬರುತ್ತಲೇ ಇರಲಿಲ್ಲವಲ್ಲ, ನಾನು ಕೇಳುವುದು ಸರಿಯಲ್ಲ ಅನ್ನಿಸುತ್ತಿತ್ತು. ಈಚೆಗೆ ದೊಡ್ಡವ್ವನಿಗೆ ಕಿವಿ ಪೂರ್ತಿ ಮಂದವಾಗಿತ್ತು. ಪಕ್ಕದಲ್ಲಿ ಕೂತು ಕೂಗಿದರೆ ಕೇಳುತ್ತಿತ್ತು, ಫೋನಿನಲ್ಲಿ ಏನೇನೂ ಕೇಳುತ್ತಿರಲಿಲ್ಲ. ಹಾಗಾಗಿ ಅವಳಿಗೆ ಏನು ಹೇಳಬೇಕಾದರೂ ಅವಳ ಮಗನಿಗೆ, ಅಂದರೆ ನಮ್ಮ ಅಣ್ಣನಿಗೆ ಹೇಳಬೇಕು.

ಅವತ್ತು ಬೆಳಿಗ್ಗೆ ಅಣ್ಣನಿಗೆ ಫೋನು ಹಚ್ಚಿದೆ.

‘ಅಣ್ಣ, ಅವ್ವಗೆ ಜಾಸ್ತಿ ಆಗೈತೆ. ದೊಡ್ಡವ್ವನ್ನ ನೋಡಬೇಕು ಅಂತಾಳೆ. ಈಗಲೇ ಕರ್ಕೊಂಡು ಬಾ.’

ಅಣ್ಣ ದನಿ ತಗ್ಗಿಸಿ, ‘ಹೌದೇನವ್ವ. ಎಷ್ಟೊತ್ತಿಗೆ ಆತು?’ ಎಂದ.

‘ಏನೂ ಆಗಿಲ್ಲಣ್ಣ. ಅವ್ವ ಅದಾಳೆ. ಈಗ ಗಂಜಿ ಕುಡಿದ್ಲು.’

‘ಹೂಂ, ಹೂಂ. ಧೈರ್ಯ ತಗೋ ತಂಗಿ. ನಮ್ಮಪ್ಪನೂ ಹಂಗೇ, ಬೆಳಿಗ್ಗೆ ಚಾ ಕುಡಿದಿದ್ದ.’

‘ಅಣ್ಣ, ನಾ ಹೇಳೋದು ಕೇಳು. ಉಸಿರಾಡ್ತಾಳೆ, ಮಾತಾಡ್ತಾಳೆ. ಬೇಗ ಬಂದ್ರೆ ಮಾತಾಡಿಸಬಹುದು.’

‘ಬರ್ತೀವವ್ವ. ಎಲ್ಲರ್ನೂ ಕರ್ಕೊಂಡೇ ಬರ್ತೀವಿ. ಮಣ್ಣು ಎಷ್ಟೊತ್ತಿಗೆ ಇಟ್ಕೊಂಡೀರಿ?’

ಮಣ್ಣು ಎಂದರೆ ಮಣ್ಣು ಮಾಡುವುದು. ಎಷ್ಟೊತ್ತಿಗೆ ಹೂಳುತ್ತೀರಿ ಎಂದು ಅಣ್ಣ ಮೆತ್ತಗೆ, ಮರ್ಯಾದೆಯಿಂದ ಕೇಳುತ್ತಿದ್ದ. ಅವನ ದನಿಯಲ್ಲಿ ನನ್ನ ಮೇಲೆ ಎಷ್ಟು ಕನಿಕರವಿತ್ತೆಂದರೆ ನನಗೆ ಸಿಟ್ಟು ಬಂತು. ಮಣ್ಣೂ ಇಲ್ಲ ಏನೂ ಇಲ್ಲ, ಅವ್ವ ಬದುಕ್ಯಾಳೆ ಎಂದು ಕೂಗಿದೆ. ಕೂಗಿದ್ದು ಇನ್ನೂ ಕೆಟ್ಟದ್ದಾಯಿತು. ಪಾಪ, ತಲೆ ಕೆಟ್ಟೈತೆ ಅದಕ್ಕೆ ಎಂದು ಅವನು ಪಕ್ಕದಲ್ಲಿ ಯಾರಿಗೋ ಹೇಳಿದ್ದು ಕೇಳಿಸಿತು.

ಫೋನು ಇಟ್ಟು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಅವ್ವ ಬದುಕಿದ್ದಾಳೆ. ನಾನು ಅವ್ವ ಬದುಕಿದ್ದಾಳೆ ಎಂದೆ. ಮಾತನ್ನೂ ಲೋಕವನ್ನೂ ಪಕ್ಕಪಕ್ಕ ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಸತ್ತವರ ಮನೆಯಿಂದ ಫೋನು ಮಾಡುವವರೂ ಇದನ್ನೇ ಹೇಳುತ್ತಾರೆ. ಗಂಜಿ ಕುಡಿದರು ಎನ್ನುತ್ತಾರೆ, ಮಾತಾಡುತ್ತಿದ್ದಾರೆ ಎನ್ನುತ್ತಾರೆ, ಬೇಗ ಬನ್ನಿ ಎನ್ನುತ್ತಾರೆ. ನನ್ನಪ್ಪನ ಸಲ ನಮ್ಮನೆಯವರು ಇದನ್ನೇ ಹೇಳಿದ್ದರು, ನಾನು ನನ್ನ ಚಿಕ್ಕಪ್ಪಂದಿರಿಗೆ ಇದನ್ನೇ ಹೇಳಿದ್ದೆ. ನಿಜವಾಗಿ ಬದುಕಿರುವವರಿಗೆ ಅಂತ ಬೇರೆ ಮಾತನ್ನು ನಾವು ಯಾರೂ ಉಳಿಸಿಕೊಂಡಿರಲಿಲ್ಲ. ಎಷ್ಟು ಒತ್ತಿ ಹೇಳಿದರೆ ಅಷ್ಟು ಅವಳು ಸತ್ತಂತೆ.

ವಿಡಿಯೋ ಕಾಲ್ ಮಾಡಿದೆ. ಅಣ್ಣ ಕತ್ತರಿಸಿ ವಾಪಸ್ ಮಾಮೂಲಿ ಫೋನು ಮಾಡಿ, ‘ಬ್ಯಾಡ ತಂಗಿ, ನಮ್ಮವ್ವ ಪಕ್ಕದಾಗೇ ಕುಂತೈತೆ, ಇಲ್ಲೇ ನೋಡಿಬಿಟ್ರೆ ದಾರಿಗುಂಟ ಹಿಡಿಯಾಕೆ ಆಗಲ್ಲ’ ಎಂದ. ಸರಿ, ಫೋಟೋ ಕಳಿಸೋಣ ಎಂದು ಅವ್ವನ ಹತ್ತಿರ ಹೋದೆ. ಅವಳಿಗೆ ಜೊಂಪು ಹತ್ತಿತ್ತು. ಎಬ್ಬಿಸಿ ಕಣ್ಣು ಬಿಡಿಸಿ ತೆಗೆದರೆ ಯಾಕೆ ಎಂದು ಕೇಳುತ್ತಾಳೆ, ನೀನು ಸತ್ತಿಲ್ಲವೆಂದು ತೋರಿಸಲು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹಾಗೆಯೇ ತೆಗೆದು ಕಳಿಸಿದೆ. ಹಣೆಯ ಮೇಲೆ ವಿಭೂತಿ, ಎದೆಯವರೆಗೆ ಬಿಳಿ ಹೊದಿಕೆ, ಮುಚ್ಚಿದ ಕಣ್ಣು. ಕಳಿಸಿದ ಮೇಲೆ ನಾನೇ ಒಮ್ಮೆ ನೋಡಿದೆ. ಇನ್ನೇನು ಉಳಿಯಿತು.

ಅಣ್ಣ ಅದನ್ನು ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಕೈಮುಗಿದ ಚಿತ್ರಗಳು ಬರತೊಡಗಿದವು. ‘ಶಿವನ ಪಾದ ಸೇರಿದರು’ ಎಂದರು. ‘ಮತ್ತೆ ಹುಟ್ಟಿ ಬಾ ತಾಯಿ’ ಎಂದರು. ಹೊನ್ನಾಳಿಯ ಸೋದರಮಾವನ ಮಗ ಅದೇ ಫೋಟೋಕ್ಕೆ ಚೆಂಡುಹೂವಿನ ಚೌಕಟ್ಟು ಹಾಕಿ ಸ್ಟೇಟಸ್ಸಿಗೆ ಏರಿಸಿದ. ಅಂಥ ಕೆಲಸಕ್ಕೆ ಅವನಷ್ಟು ಚುರುಕು ಯಾರೂ ಇಲ್ಲ. ನಾನು ‘ಅವ್ವ ಬದುಕಿದ್ದಾಳೆ’ ಎಂದು ಬರೆದೆ. ತಕ್ಷಣ ಒಬ್ಬರು ‘ನಿಜ ಮೇಡಂ, ಅವರು ನಮ್ಮೆಲ್ಲರ ಮನಸ್ಸಿನಲ್ಲಿ ಸದಾ ಬದುಕಿರುತ್ತಾರೆ’ ಎಂದು ಉತ್ತರ ಕೊಟ್ಟರು. ಅದನ್ನು ನಾಲ್ಕಾರು ಜನ ಮೆಚ್ಚಿದರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಫೋನನ್ನು ಬೋರಲು ಹಾಕಿ ಅವ್ವನ ಕಾಲು ಒತ್ತುತ್ತ ಕೂತೆ.

ಅಷ್ಟರಲ್ಲಿ ಸುದ್ದಿ ನಮ್ಮ ಓಣಿಗೂ ಬಂತು. ಎದುರಿನ ಮಂಡಿಯವರು ಮರ್ಯಾದೆಗೆ ಅರ್ಧ ಶಟರ್ ಇಳಿಸಿದರು. ನಮ್ಮನೆಯವರು ಹೋಗಿ ಅದನ್ನು ಮೇಲೆತ್ತಿಸಿ ಬಂದರು. ಶಾಮಿಯಾನದ ಸಾಬರು ಕುರ್ಚಿ ಹೇರಿಕೊಂಡು ಬಂದೇಬಿಟ್ಟರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಅವ್ವನನ್ನು ನೋಡಿ, ‘ಹೆಂಗದೀರಿ ಅಮ್ಮಾ’ ಎಂದರು. ಅವ್ವ ಕಣ್ಣು ತೆರೆದು ಕೈ ಸ್ವಲ್ಪ ಎತ್ತಿದಳು. ‘ಆರಾಮಾಗ್ರಿ, ನಾ ಬರ್ತೀನಿ’ ಎಂದು ಹೋಗಿ ಕುರ್ಚಿ ಹೇರಿದ್ದ ಗಾಡಿ ತಿರುಗಿಸಿದರು. ಯಾಕೆ ಬಂದಿದ್ದರು ಎಂದು ಅವ್ವ ಕಣ್ಣಲ್ಲೇ ಕೇಳಿದಳು. ನಿನ್ನ ಮಾತಾಡಿಸಿಕೊಂಡು ಹೋಗಾಕೆ ಎಂದೆ.

ಮಧ್ಯಾಹ್ನ ತಿರುಗಿತು. ಜಗಳೂರಿನಿಂದ ನೇರ ಬಂದಿದ್ದರೆ ಯಾವಾಗಲೋ ಬಂದಿರಬೇಕಾಗಿತ್ತು. ಆದರೆ ಅವರು ಹೊರಟದ್ದು ಮಣ್ಣಿಗೆ, ಮಣ್ಣಿಗೆ ಬರುವವರಿಗೆ ಅವಸರವಿರುವುದಿಲ್ಲ. ಬಾಡಿಗೆ ಗಾಡಿ ಗೊತ್ತು ಮಾಡಿದರು, ಬಳಗದವರನ್ನೆಲ್ಲ ಕೂಡಿಸಿದರು, ಹೋದಲ್ಲಿ ಊಟ ಸಿಗುವುದಿಲ್ಲ ಎಂದು ಉಂಡುಕೊಂಡೇ ಹೊರಟರು. ತ್ಯಾವಣಿಗೆಯಲ್ಲಿ ಗಾಡಿ ನಿಲ್ಲಿಸಿ ಹಾರ ಕಟ್ಟಿಸಿಕೊಂಡರಂತೆ. ಇತ್ತ ಅವ್ವ ಗೋಡೆಯ ಗಡಿಯಾರ ನೋಡುವುದು, ನನ್ನ ನೋಡುವುದು. ಹಸ್ತ, ಪಾದ ತಣ್ಣಗಾಗುತ್ತ ಬಂದಿದ್ದವು. ಉಸಿರು ಒಂದೊಂದು ಸಲ ನಿಂತು, ಯೋಚನೆ ಮಾಡಿದಂತೆ ಮಾಡಿ, ಮತ್ತೆ ಬರುತ್ತಿತ್ತು. ಬರ್ತಾರೆ ಎಂದು ನಾನು ಹೇಳುತ್ತಲೇ ಇದ್ದೆ. ನನ್ನ ಮನಸ್ಸು ಎಷ್ಟು ಜಡವಾಗಿತ್ತೆಂದರೆ, ಅವರು ಬರುವ ಮೊದಲೇ ಇವಳು ಹೋದರೆ ಯಾರಿಗೂ ಹೊಸದಾಗಿ ಫೋನು ಮಾಡುವ ಕೆಲಸವಿಲ್ಲ ಎಂದು ಲೆಕ್ಕ ಹಾಕಿದೆ. ಹಾಕಿದ್ದು ನಿಜ, ಅದಕ್ಕೆ ಬರೆಯುತ್ತಿದ್ದೇನೆ.

ಓಣಿಯ ತಿರುವಿನಲ್ಲಿ ಗಾಡಿ ನಿಂತ ಸದ್ದಾಯಿತು. ಅದರ ಹಿಂದೆಯೇ ದೊಡ್ಡವ್ವನ ದನಿ.

ಸಾವಿನ ಮನೆಗೆ ಬರುವ ಹೆಂಗಸರು ನಮ್ಮಲ್ಲಿ ಓಣಿಯ ತುದಿಯಿಂದಲೇ ಹಾಡಿಕೊಂಡು ಅಳುತ್ತ ಬರುತ್ತಾರೆ. ಸತ್ತವರ ಜೊತೆ ಮಾತಾಡಿಕೊಂಡು, ಅವರ ಗುಣ ಎತ್ತಿಕೊಂಡು, ತಮ್ಮ ಸಂಕಟವನ್ನೂ ನಡುವೆ ಸೇರಿಸಿಕೊಂಡು. ಕಿವಿ ಕೇಳದವರು ತಾವು ಎಷ್ಟು ಜೋರಾಗಿ ಕೂಗುತ್ತಿದ್ದೇವೆ ಎಂದು ತಿಳಿಯದೆ ಇನ್ನೂ ಜೋರಾಗಿ ಅಳುತ್ತಾರೆ. ಒಂದೊಂದು ಮಾತೂ ಕೋಣೆಯ ಒಳಗೆ ಬಂದು ಬೀಳುತ್ತಿತ್ತು.

‘ಬೆನ್ನಿಗೆ ಬಿದ್ದಾಕೆ ನನಗಿಂತ ಮುಂದೆ ಹೋದ್ಯಲ್ಲೇ ನನ್ನ ತಂಗೀ...’

ತಡೆಯಬೇಕೆಂದು ಎದ್ದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. ಅವಳಲ್ಲಿ ಅಷ್ಟು ಬಲ ಎಲ್ಲಿತ್ತೋ. ಕಣ್ಣು ಪೂರ್ತಿ ತೆರೆದಿತ್ತು. ‘ಇರು’ ಎಂದು ತುಟಿ ಅಲ್ಲಾಡಿತು.

‘ಹೋಗೇ ತಾಯೀ, ನಿನ್ನ ಕೂಸಿನ ಹತ್ರ ಹೋಗೇ... ನಿದ್ದೇಲೇ ಹೋತು ಅಂತ ನಿನಗೆ ಸುಳ್ಳು ಹೇಳಿದ್ನಲ್ಲೇ... ಅವ್ವ ಬೇಕು, ಅವ್ವ ಬೇಕು ಅಂತ ಬಾಗ್ಲು ನೋಡ್ಕೊಂಡು ಅಳ್ತಿತ್ತಲ್ಲೇ... ಬಾಣಂತಿಗೆ ಹೆಂಗೆ ಹೇಳಲಿ ಅಂತ ಅವತ್ತು ಬಾಯಿ ಮುಚ್ಕೊಂಡೆ, ಆಮ್ಯಾಲೆ ಬಾಯಿ ತೆರೆಯಾಕೆ ಆಗಲೇ ಇಲ್ವಲ್ಲೇ... ಇನ್ನು ನೀನೇ ಹೋಗಿ ಅದನ್ನ ಕೇಳ್ಕೊಳ್ಳೇ ನನ್ನವ್ವಾ...’

ನಾನು ಅವ್ವನ ಮುಖ ನೋಡಲಿಲ್ಲ. ಗೋಡೆ ನೋಡಿದೆ. ಅಳುವುದು ಹೇಳಿಕೆಯಲ್ಲ, ಅದಕ್ಕೆ ನಿಜ ಸುಳ್ಳು ಅನ್ವಯಿಸುವುದಿಲ್ಲ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದೆ. ದೊಡ್ಡವ್ವ ಮನೆಮಂದಿಯ ಮುಂದೆ, ಅವ್ವನ ಮುಂದೆ, ಎಲ್ಲ ಕಾಲದಲ್ಲೂ ಹೇಳಿದ್ದು ಹೇಳಿಕೆ, ಅದು ಸುಳ್ಳು. ಇದು ಅಳು.

ಬಾಗಿಲಿಗೆ ಬಂದ ದೊಡ್ಡವ್ವ ಅಳು ನಿಲ್ಲಿಸಿದಳು. ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡು ತನ್ನನ್ನೇ ನೋಡುತ್ತಿದ್ದ ತಂಗಿಯನ್ನು ನೋಡಿದಳು. ಹಿಂದೆ ನಿಂತಿದ್ದ ಅಣ್ಣ ಕೈಲಿದ್ದ ಹಾರವನ್ನು ಬೆನ್ನ ಹಿಂದೆ ಮರೆಮಾಡಿದ. ಅವನ ಹಿಂದಿದ್ದ ಹೆಂಗಸರು ಬಾಯಿಗೆ ಹಚ್ಚಿದ ಸೆರಗನ್ನು ಮೆಲ್ಲಗೆ ಇಳಿಸಿದರು. ‘ಹೇಳಿದ್ನಲ್ಲಣ್ಣ’ ಎಂದೆ. ‘ಹೇಳಿದ್ದೆ ಕಣವ್ವ’ ಎಂದ. ಬೇರೆ ಏನು ಹೇಳುತ್ತಾನೆ. ಆಮೇಲೆ ಅವನೇ ಎಲ್ಲರನ್ನೂ ಹೊರಗೆ ಜಗಲಿಗೆ ಕರೆದುಕೊಂಡು ಹೋದ.

ದೊಡ್ಡವ್ವ ಮಂಚದ ಪಕ್ಕ ನೆಲಕ್ಕೆ ಕುಸಿದು ಕೂತಳು. ‘ಅದೇನೋ ಅಳೋವಾಗ ಬಾಯಿಗೆ ಬಂದಿದ್ದು ಕಣೇ. ಅಳೋ ಮಾತು. ಅದನ್ನ ಮನಸಿಗೆ ಹಚ್ಕೋಬ್ಯಾಡ’ ಎಂದಳು. ಅವ್ವ ನನ್ನನ್ನು ಬಾಗಿಸಿಕೊಂಡು ಕಿವಿಯಲ್ಲಿ ಏನೋ ಹೇಳಿದಳು. ಅವ್ವನ ಮಾತು ದೊಡ್ಡವ್ವನಿಗೆ ಮುಟ್ಟುವುದು ಸಾಧ್ಯವೇ ಇರಲಿಲ್ಲ. ಇವಳಿಗೆ ದನಿಯಿಲ್ಲ, ಅವಳಿಗೆ ಕಿವಿಯಿಲ್ಲ. ನಡುವೆ ನಾನು ಕೂತು ಕೂಗಬೇಕು.

‘ದೊಡ್ಡವ್ವ, ಮಗು ಎಲ್ಲಿ ಮಲಗಿತ್ತು ಅಂತ ಕೇಳ್ತಾಳೆ.’

ದೊಡ್ಡವ್ವ ತಂಗಿಯ ಮುಖ ನೋಡಿದಳು. ಬೈಯುತ್ತಾಳೆ, ಶಪಿಸುತ್ತಾಳೆ ಎಂದು ಕಾದಿದ್ದಳೋ ಏನೋ. ಆಮೇಲೆ, ‘ನಡುಮನ್ಯಾಗೆ. ಕೌದಿ ಮ್ಯಾಲೆ’ ಎಂದಳು.

ಅವ್ವ ಮತ್ತೆ ನನ್ನ ಕಿವಿಗೆ ಹೇಳಿದಳು. ನಾನು ಕೂಗಿದೆ. ‘ನೀರು ಕೇಳ್ತಾ ಅಂತಾಳೆ.’

‘ಕೇಳ್ತು. ಕುಡಿಸಿದೆ. ಒಂದು ಗುಟುಕು ಒಳಗೆ ಹೋತು, ಉಳಿದಿದ್ದು ಚೆಲ್ತು. ಲಂಗ ಒದ್ದೆ ಆತು ಅಂತ ಅಳ್ತು. ಒಣಗಿದ್ದು ತೊಡಿಸಿದೆ.’

‘ಯಾವ ಲಂಗ ಅಂತಾಳೆ.’

‘ಹಸಿರುದ್ದು. ಅಲ್ಲ, ಹಸಿರುದು ಒದ್ದೆ ಆಗಿದ್ದು. ನನ್ನ ಮಗಂದು ಅಂಗಿ ತೊಡಿಸಿದೆ. ಅದು ಕಾಲತಂಕ ಬರ್ತಿತ್ತು.’

ಅವ್ವನ ಮುಖದಲ್ಲಿ ಏನೋ ಸಡಿಲವಾಯಿತು. ನಗು ಎನ್ನಲಾರೆ. ಅಳುತ್ತಿದ್ದುದು ದೊಡ್ಡವ್ವ ಒಬ್ಬಳೇ, ಅದೂ ಸದ್ದಿಲ್ಲದೆ. ಅವ್ವ ಒಂದೊಂದೇ ಕೇಳಿದಳು. ಕಿಟಕಿ ತೆಗೆದಿತ್ತೋ, ಮುಚ್ಚಿತ್ತೋ. ಮೈ ಒರೆಸಿದ್ದು ಯಾವ ಬಟ್ಟೆಯಲ್ಲಿ. ಆಡಲಿಕ್ಕೆ ಏನು ಇಟ್ಟುಕೊಂಡಿತ್ತು. ನಾನು ಎಲ್ಲವನ್ನೂ ಕೂಗಿ ಕೂಗಿ ಕೇಳಿದೆ, ಸಂತೆಯಲ್ಲಿ ದರ ಕೇಳಿದಂತೆ. ನನಗಿಂತ ಹಿರಿಯಳಾದ ಆ ಮಗುವನ್ನು ನಾನು ಮೊದಲ ಸಲ ಕಂಡದ್ದು ಹೀಗೆ. ಅದಕ್ಕೆ ಗಿಲಕಿಯೊಂದಿತ್ತು. ಅದು ನನಗೆಂದು ತಂದದ್ದು, ಹೊನ್ನಾಳಿಗೆ ಹೋದಾಗ ತಮ್ಮನಿಗೋ ತಂಗಿಗೋ ಕೊಡಬೇಕು ಎಂದು ಹಿಡಿದುಕೊಂಡಿತ್ತಂತೆ. ಅದನ್ನೂ ನಾನೇ ನನ್ನ ಬಾಯಿಂದ ಕೇಳಿ ತಿಳಿಯಬೇಕಾಯಿತು. ನನಗೆ ಬೇಜಾರಾಯಿತು. ಫೋನಿನಲ್ಲಿ ಸಿಟ್ಟು ಬಂದದ್ದು ಬಿಟ್ಟರೆ ಬೆಳಿಗ್ಗೆಯಿಂದ ಏನಾದರೂ ಅನ್ನಿಸಿದ್ದು ಆಗ ಒಂದೇ ಸಲ.

ಕೊನೆಗೆ ಅವ್ವ ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಕೇಳಿದಳು. ಅದನ್ನು ಕೂಗುವುದು ನನಗೆ ಕಷ್ಟವಾಯಿತು. ‘ಕರೆದೂ ಕರೆದೂ, ಅವ್ವ ಬರಲಿಲ್ಲ ಅಂದುಕೊಂಡೇ ಹೋತಾ ಅಂತ ಕೇಳ್ತಾಳೆ ದೊಡ್ಡವ್ವ.’

‘ಇಲ್ಲ’ ಎಂದಳು ದೊಡ್ಡವ್ವ. ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಕಡೀಕೆ ಅದಕ್ಕೆ ಕಣ್ಣು ಕಾಣ್ತಿರಲಿಲ್ಲ. ಅವ್ವ ಬಂದ್ಲಾ ಅಂತು. ಬಂದೆ ಕಣವ್ವ, ಇಲ್ಲೇ ಅದೀನಿ ಅಂದೆ. ನಮ್ಮಿಬ್ಬರದ್ದೂ ಒಂದೇ ದನಿ ಅಂತಿದ್ರಲ್ಲ ಆಗ. ನನ್ನ ಸೆರಗು ಹಿಡ್ಕೊಂತು. ಕೊರಳಿಗೆ ಕೈ ಹಾಕ್ತು. ಎಲ್ಲಿಗೆ ಹೋಗಿದ್ದೆ ಅಂತ ಬೈತು. ಇನ್ನು ಎಲ್ಲೂ ಹೋಗಲ್ಲ ಅಂದೆ. ಹೂಂ ಅಂತು. ಆಮ್ಯಾಲೆ ಮಾತಾಡಲಿಲ್ಲ. ಅದಕ್ಕೂ ಸುಳ್ಳು ಹೇಳಿದೆ, ನಿನಗೂ ಸುಳ್ಳು ಹೇಳಿದೆ.’

ಅವ್ವ ಕಣ್ಣು ಮುಚ್ಚಿ ಮಲಗಿದ್ದಳು. ಉಸಿರು ನಿಂತಿತು, ಮತ್ತೆ ಬಂತು. ನನ್ನ ಮಣಿಕಟ್ಟನ್ನು ಎಳೆದಳು. ಬಾಗಿದೆ.

‘ಹಂಗಾರೆ ನಾ ಹೋಗಿದ್ದೆ’ ಎಂದಳು.

ನನಗೆ ಕೇಳಿಸಿತು. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಗಿ ಮತ್ತೆ ಕಿವಿ ಒಡ್ಡಿದೆ. ‘ಅಕ್ಕಗೆ ಹೇಳು. ಅವತ್ತು ನಾ ಅಲ್ಲಿಗೆ ಹೋಗಿದ್ದೆ.’

ದೊಡ್ಡವ್ವ ನನ್ನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದಳು. ಅವ್ವ ಅವತ್ತು ಎಲ್ಲಿಗೂ ಹೋಗಿರಲಿಲ್ಲ. ಹೊನ್ನಾಳಿಯ ಬಾಣಂತಿ ಕೋಣೆಯಲ್ಲಿ ಮಲಗಿ ಹಾಲು ಕುಡಿಸುತ್ತಿದ್ದಳು, ಕುಡಿಯುತ್ತಿದ್ದವಳು ನಾನು. ಒಂದು ಮಾತು ಸುಳ್ಳು ಎನ್ನಲು ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದಿಲ್ಲ. ನಾನು ದೊಡ್ಡವ್ವನ ಕಿವಿಯ ಹತ್ತಿರ ಬಾಗಿ, ಜಗಲಿಯಲ್ಲಿ ಕೂತವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ.

‘ದೊಡ್ಡವ್ವ, ಅವತ್ತು ಅವ್ವ ಜಗಳೂರಿಗೆ ಬಂದಿದ್ಲು.’